ಟೆಂಡರಿಗೆ ಬಿದ್ದ ದವಡೆ ಹಲ್ಲು

ನಿರ್ಧಾರ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರೂ ಇಲ್ಲ ಎಂದು ನಾನೇ ಹೇಳಿದರೆ ಅದು ಜಂಬವಾಗುತ್ತದೆ. ಆದ್ದರಿಂದ ಬೇರೆ ಯಾರಾದರೂ ಹೇಳಲಿ ಎಂದು ಇಪ್ಪತ್ತೆಂಟು ವರ್ಷಗಳಿಂದ ಕಾಯುತ್ತಿದ್ದೇನೆ. ಯಾರೂ ಹೇಳಿಲ್ಲ. ಇರಲಿ. ದಲಾಲಿ ಅಂಗಡಿಯೊಂದರಲ್ಲಿ ನಾನು ಗುಮಾಸ್ತ. ರೈತರು ತಂದು ಸುರಿದ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಂಡಿ, ಸಪ್ಪಳ ಕೇಳಿ, ತೊಟ್ಟು ಮುರಿದು, ತುದಿ ಕಚ್ಚಿ, 'ಇದು ಅಸಲಿ ಬ್ಯಾಡಗಿ ಕಡ್ಡಿ, ಇದರಲ್ಲಿ ಖಾರದ ಗುಂಟೂರು ಬೆರೆತಿದೆ' ಎಂದು ಒಂದೇ ಉಸಿರಿಗೆ ಹೇಳುವವನು. ಇಷ್ಟೊಂದು ಚೀಲಗಳ ಹಣೆಬರಹ ಬರೆದ ಮನುಷ್ಯನಿಗೆ ತನ್ನ ಬಾಯಲ್ಲೇ ಇರುವ ಒಂದು ಹುಳುಕು ಹಲ್ಲಿನ ಹಣೆಬರಹ ಬರೆಯುವುದು ಯಾವ ದೊಡ್ಡ ಮಾತು?

ಹಾಗೆಂದುಕೊಂಡೆ. ಹದಿಮೂರು ದಿನ ಹಿಡಿಯಿತು. ಅಷ್ಟಾದರೂ ಬರೆದವನು ನಾನಲ್ಲ!

ಆ ಹಲ್ಲು ಬಲಗಡೆ ಕೆಳದವಡೆಯಲ್ಲಿ ತೀರಾ ಹಿಂದಿನದು. ಬುದ್ಧಿಹಲ್ಲು ಎನ್ನುತ್ತಾರೆ. ಎಲ್ಲ ಹಲ್ಲು ಬಂದು ಕೆಲಸ ಶುರು ಮಾಡಿದ ಮೇಲೆ ತಡವಾಗಿ ಬಂದು, ಯಾವ ಕೆಲಸವನ್ನೂ ಮಾಡದೆ, ಮೂಲೆಯಲ್ಲಿ ಕೂತು ಕೂತು ಕೊಳೆತದ್ದು ಅದು. ಥೇಟ್ ನಮ್ಮ ಅಂಗಡಿಯ ಸಾವಕಾರರ ತಮ್ಮ. ವರ್ಷಗಟ್ಟಲೆ ನಾನು ಅದನ್ನು ಮಾತಾಡಿಸಿರಲಿಲ್ಲ, ಅದೂ ನನ್ನನ್ನು ಮಾತಾಡಿಸಿರಲಿಲ್ಲ.

ಒಂದು ಸೋಮವಾರ ಮಾತಾಡಿಸಿತು. ಸೋಮವಾರ ನಮ್ಮ ಮಾರುಕಟ್ಟೆಯ ದಿನ. ಯಾರ್ಡಿನ ತುಂಬ ಕೆಂಪು ರಾಶಿ, ಊರಿನ ತುಂಬ ಸೀನು. ಒಬ್ಬ ರೈತನ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು ಎಂದಿನ ಗತ್ತಿನಲ್ಲಿ ತುದಿ ಕಚ್ಚಿದೆ. ಒಂದು ಬೀಜ ಸಿಡಿದು ಸೀದಾ ಆ ಹಲ್ಲಿನ ತೂತಿಗೆ ಇಳಿಯಿತು.

"ಅಯ್ಯಯ್ಯಪ್ಪೋ!" ಎಂದು ಕಿರುಚಿದೆ.

ಬೇರೆ ಊರಿನಲ್ಲಿ ಮೆಣಸಿನಕಾಯಿ ಕಚ್ಚಿದವನು ಕಿರುಚಿದರೆ ಯಾರೂ ತಿರುಗಿ ನೋಡುವುದಿಲ್ಲ. ಬ್ಯಾಡಗಿಯಲ್ಲಿ ಅದು ಮಾನದ ಪ್ರಶ್ನೆ. ನಮ್ಮ ಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಪರೀಕ್ಷೆ ಮಾಡುವ ಗುಮಾಸ್ತನೇ ಕಿರುಚಿದನೆಂದರೆ ರಾಶಿಯಲ್ಲಿ ಕಲಬೆರಕೆ ಇದೆ ಎಂದೇ ಅರ್ಥ. ರೈತ ಓಡಿಬಂದ.

"ಏನ್ರೀ ಗುಮಾಸ್ತರ, ನನ್ನ ಮಾಲಿನ ಹೆಸರು ಕೆಡಸ್ತೀರೇನು? ಇದ್ರಾಗ ಒಂದಽ ಒಂದು ಗುಂಟೂರ ಕಾಯಿ ತಗದು ತೋರಸ್ರಿ ನೋಡೂಣು!"

"ತಪ್ಪು ಕಾಯಿದಲ್ಲಪಾ, ಹಲ್ಲಿಂದು," ಎಂದು ಸಾಕ್ಷಿಗಾಗಿ ಬಾಯಿ ತೆರೆದೆ. ಅವನು ಮೊಬೈಲಿನ ಬ್ಯಾಟರಿ ಹಚ್ಚಿ ಒಳಗೆ ಇಣುಕಿದ. ಅವನ ಹಿಂದೆ ನಾಲ್ಕು ಜನ ರೈತರು, ಇಬ್ಬರು ಹಮಾಲರು, ಒಬ್ಬ ಖರೀದಿದಾರ ಸರತಿಯಲ್ಲಿ ನಿಂತು ಇಣುಕಿದರು.

"ಹೌದ್ರೆಪಾ, ದೊಡ್ಡ ತೂತೈತಿ! ಇಡೀ ಕಾಯಿನಽ ಹಿಡಸ್ತೈತಿ ಅದ್ರಾಗ!" ಎಂದು ರೈತ ಯಾರ್ಡಿಗೆಲ್ಲ ಕೇಳುವಂತೆ ಸಾರಿದ. ಅವನ ಮಾಲಿನ ಮಾನ ಉಳಿಯಿತು. ನನ್ನದು ಮಧ್ಯಾಹ್ನದೊಳಗೆ ಮಾರುಕಟ್ಟೆಯ ಎಲ್ಲ ಓಣಿ ಸುತ್ತಿಬಂತು.

ಸಂಜೆ ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. "ನಾಳೆ ಹೋಗಿ ತಗಿಸಿ ಒಗೀರಿ."

"ಹಂಗ ಗಡಿಬಿಡಿ ಮಾಡಾಕ ಬರಂಗಿಲ್ಲ. ವಿಚಾರ ಮಾಡ್ಬೇಕಾಗ್ತೈತಿ."

"ಕೊಳತದ್ದು ತಗ್ಯಾಕ ಎಂಥಾ ವಿಚಾರ್ರೀ? ಕೊಳತ ಉಳ್ಳಾಗಡ್ಡಿ ಒಗಿಯೂ ಮುಂದ ನಾ ಯಾರನ್ನೂ ಕೇಳಂಗಿಲ್ಲ."

ಹೆಂಗಸರ ವಿಚಾರಧಾರೆ ಉಳ್ಳಾಗಡ್ಡಿಯ ಆಚೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವಷ್ಟು ಧೈರ್ಯ ಹಲ್ಲು ನೋಯದ ದಿನಗಳಲ್ಲೂ ನನಗಿಲ್ಲ.

ಆಗಲೇ ಮೇಡ್ಲೇರಿಯಿಂದ ಮಗಳು ವಿದ್ಯಾಳ ಫೋನು ಬಂತು. ಅವಳದು ಅಲ್ಲಿ ದೊಡ್ಡ ಒಕ್ಕಲುತನದ ಮನೆ. ಈಗ ಮೊದಲ ಬಸುರಿ. ಹಸಿರು ಸೀರೆ ಉಡಿಸಿ, ಹೊಸ ಕುಬುಸ ತೊಡಿಸಿ, ಊರಿಗೆಲ್ಲ ಉಣಿಸುವ ಕುಬುಸದ ಕಾರ್ಯ ಇನ್ನು ಹದಿಮೂರು ದಿನಕ್ಕೆ, ಐತವಾರ.

"ಅಪ್ಪಾ, ಈ ಸಲ ಎಡ್ಯಾಗ ಏನು ನೀಡಿದ್ರೂ ಉಣ್ಣಬೇಕು ನೋಡು. ಒಲ್ಲೆ ಅನ್ನೂ ಮಾತು ಬಾಯಾಗ ಬರಬಾರ್ದು."

ಇದರ ಹಿಂದೆ ಒಂದು ಇತಿಹಾಸವಿದೆ. ಹೋದ ಸೀಗಿ ಹುಣ್ಣಿಮೆಗೆ ನಮ್ಮ ಬೀಗರು ನಿಂಗಪ್ಪನವರ ಹೊಲದಲ್ಲಿ ಊಟಕ್ಕೆ ಕೂತಾಗ ನಾನು ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದಿದ್ದೆ. ಹೊಟ್ಟೆ ಸರಿಯಿರಲಿಲ್ಲ, ಅಷ್ಟೇ. ಬೀಗರು ಅದನ್ನು 'ಬ್ಯಾಡಗಿಯವರಿಗೆ ನಮ್ಮ ಊಟ ಸೇರಂಗಿಲ್ಲ' ಎಂದು ಅರ್ಥ ಮಾಡಿಕೊಂಡರು. ಅಂದಿನಿಂದ ಅವರು ನನ್ನೊಂದಿಗೆ ಮಳೆಯ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ. ನನಗೇನು, ನಾನು ದೂರ ಇರುವವನು. ಆದರೆ ಆ ಮನೆಯಲ್ಲಿ ಹೋಳಿಗೆ ಮಾಡಿದಾಗಲೆಲ್ಲ ಮಗಳ ಮುಂದೆ "ನಿಮ್ಮಪ್ಪಗ ಸೇರಂಗಿಲ್ಲ ಬಿಡವಾ" ಎಂಬ ಮಾತು ಬಂದೇ ಬರುತ್ತಿತ್ತು.

"ಈ ಸಲನೂ ಹಂಗ ಮಾಡಿದ್ರ ಈ ಮನ್ಯಾಗ ನನಗ ತಲಿ ಎತ್ತಾಕ ಆಗಂಗಿಲ್ಲಪಾ," ಎಂದಳು. ಧ್ವನಿ ಸಣ್ಣಗಾಗಿತ್ತು.

"ನೀ ಕಾಳಜಿ ಮಾಡಬ್ಯಾಡವಾ. ನಾಳೆನಽ ಈ ಹಲ್ಲಿಂದು ಫೈಸಲಾ ಮಾಡ್ತೇನಿ," ಎಂದು ಮಾತು ಕೊಟ್ಟೆ.

ಮರುದಿನ ಬ್ಯಾಡಗಿಯಲ್ಲೇ ಹಲ್ಲಿನ ಡಾಕ್ಟರರ ಬಳಿ ಹೋದೆ. ಹುಡುಗ ವಯಸ್ಸಿನ ಡಾಕ್ಟರ್. ಅರ್ಧ ನಿಮಿಷ ನೋಡಿ, "ಇದನ್ನ ತಗದುಬಿಡೂಣ್ರಿ. ಹೆಂಗೂ ಕುಂತೀರಿ, ಹತ್ತು ನಿಮಿಷದ ಕೆಲಸ," ಎಂದರು. ಹತ್ತು ನಿಮಿಷ! ಐವತ್ತೆರಡು ವರ್ಷದ ಮನುಷ್ಯನ ಅಂಗಾಂಗದ ಬಗ್ಗೆ ಹತ್ತು ನಿಮಿಷ! ಪಕ್ಕದ ತಟ್ಟೆಯಲ್ಲಿ ಇಕ್ಕಳದಂಥ ಒಂದು ಸಾಮಾನು ಹೊಳೆಯುತ್ತಿತ್ತು. ಅದನ್ನು ನೋಡಿ ನಾನು ಹೆದರಿದೆ ಎಂದು ಯಾರೂ ತಿಳಿಯಬಾರದು. ವ್ಯಾಪಾರದ ಧರ್ಮ ನೆನಪಾಯಿತು, ಅಷ್ಟೇ. ಮೊದಲು ಕೇಳಿದ ದರಕ್ಕೇ ಮಾಲು ಬಿಟ್ಟವನು ದಲಾಲಿ ಅಂಗಡಿಯಲ್ಲಿ ಕೂರಲು ನಾಲಾಯಕ್.

"ಮನ್ಯಾಗ ಒಂದು ಮಾತು ಕೇಳಿ ಬರ್ತೇನ್ರಿ," ಎಂದು ಕುರ್ಚಿಯಿಂದ ಇಳಿದೆ.

ಹೊರಗೆ ಕೂತಿದ್ದ ಅಜ್ಜಿಯೊಬ್ಬಳು, "ಯಾಕಪಾ, ಅಂಜಿಕಿ ಬಂತೇನು?" ಎಂದಳು. ಕೆಲವರಿಗೆ ಪರರ ವಿಷಯದಲ್ಲಿ ಮೂಗು ತೂರಿಸುವ ಚಟ.

ಶುಕ್ರವಾರ ರಾಣೇಬೆನ್ನೂರಿಗೆ ಹೋದೆ. ಅಲ್ಲಿ ತಣ್ಣನೆಯ ಕೋಣೆ, ಗೋಡೆಗೆ ಟೀವಿ, ಟೀವಿಯಲ್ಲಿ ಮೂವತ್ತೆರಡೂ ಹಲ್ಲು ತೋರಿಸಿ ನಗುವ ಜನ. ಅಲ್ಲಿಯ ಡಾಕ್ಟರು, "ಉಳಸೂಣ್ರಿ ಇದನ್ನ. ಬೇರು ಸ್ವಚ್ಛ ಮಾಡಿ ಮ್ಯಾಲೆ ಟೊಪಗಿ ಹಾಕಿದ್ರ ಆತು. ಒಂದು ನಾಲ್ಕು ಸಲ ಬರಬೇಕಾಗ್ತೈತಿ," ಎಂದರು. ಕೀಳಿಸಿದರೆ ಒಂದೇ ಸಲ ಆ ಕುರ್ಚಿ ಹತ್ತಬೇಕು, ಉಳಿಸಿದರೆ ನಾಲ್ಕು ಸಲ! ಇಲ್ಲೂ ಮನೆಯಲ್ಲಿ ಕೇಳಿ ಬರುತ್ತೇನೆಂದು ಹೇಳಿ ಬಂದೆ. ಮನೆಯವಳು ಸೋಮವಾರವೇ ಹೇಳಿಯಾಗಿತ್ತು ಎಂಬುದನ್ನು ಡಾಕ್ಟರರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಶನಿವಾರ ಹಾವೇರಿ. ಜಿಲ್ಲಾ ಕೇಂದ್ರದಲ್ಲಾದರೂ ಖಚಿತವಾದ ಅಭಿಪ್ರಾಯ ಸಿಗಬಹುದೆಂಬ ಆಸೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. "ನೋಡ್ರಿ, ಇದು ನೆಟ್ಟಗ ನಿಂತಿಲ್ಲ. ಮುಂದಿನ ಹಲ್ಲಿನ ಮ್ಯಾಲೆ ತಲಿ ಇಟ್ಟು ಅಡ್ಡ ಮಲಗೇತಿ. ವಸಡು ಒಂಚೂರು ಕೊಯ್ದು, ತುಂಡು ಮಾಡಿ ತಗೀಬೇಕು."

"ಎದ್ದು ನಿಲ್ಲೂತನಕ ಕಾಯಾಕ ಬರಂಗಿಲ್ಲೇನ್ರಿ?" ಎಂದೆ. ಡಾಕ್ಟರಮ್ಮ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಸ್ವತಂತ್ರವಾಗಿ ಅಧ್ಯಯನ ಮಾಡತೊಡಗಿದೆ. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಮೊಣಕಾಲಿಂದೇನ್ರಿ?" ಎಂದು ಕೇಳಿದ. ಹಿಂದಿನ ಸೀಟಿನವನು ಅಲ್ಲ, ಸೊಂಟದ್ದು ಎಂದ. ಮೊಣಕಾಲೋ ಸೊಂಟವೋ ಎಂಬ ವಾದ ಮೋಟೆಬೆನ್ನೂರು ದಾಟುವವರೆಗೆ ನಡೆಯಿತು. ಹಲ್ಲು ಎಂದು ನಾನು ಹೇಳಿದ್ದನ್ನು ಇಬ್ಬರೂ ಒಪ್ಪಲಿಲ್ಲ.

ಐತವಾರ ಮನೆಮದ್ದಿನ ದಿನ. ಪಕ್ಕದ ಮನೆಯ ದಾದಾಪೀರ್ ಮೋಟಾರ್‌ಸೈಕಲ್ ರಿಪೇರಿ ಮಾಡುವವನು, ಎಲ್ಲದಕ್ಕೂ ಎಣ್ಣೆಯೇ ಔಷಧ ಎಂಬ ನಂಬಿಕೆಯವನು. ಅವನು ಲವಂಗದ ಎಣ್ಣೆ ತಂದುಕೊಟ್ಟ. ನಮ್ಮ ಅಂಗಡಿಯ ಹಮಾಲ ಫಕ್ಕೀರಪ್ಪ ತಂಬಾಕು ಇಡಲು ಹೇಳಿದ. ಓಣಿಯ ತುದಿಯ ನಿವೃತ್ತ ಮಾಸ್ತರರು ಇಂಗು ಎಂದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮೂರನ್ನೂ ಒಟ್ಟಿಗೆ ಇಟ್ಟುಕೊಂಡೆ. ಬಾಯಿ ಕಿರಾಣಿ ಅಂಗಡಿಯಾಯಿತು. ತಂಬಾಕಿಗೆ ತಲೆ ತಿರುಗಿ ಕಟ್ಟೆಯ ಮೇಲೆ ಅಡ್ಡಾದೆ. ಹಲ್ಲು ಮಾತ್ರ ಎಚ್ಚರವಾಗಿತ್ತು.

ಹಾಗೆ ಅಡ್ಡಾಗಿದ್ದಾಗಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು. ಇಷ್ಟು ದರಗಳು ಬಂದಿವೆ, ಯಾವುದು ಸರಿ ಎಂದು ತಿಳಿಯುತ್ತಿಲ್ಲ. ಬ್ಯಾಡಗಿಯಲ್ಲಿ ಇಂಥ ಪರಿಸ್ಥಿತಿಗೆ ಏನು ಮಾಡುತ್ತಾರೆ? ಟೆಂಡರ್!

ನಮ್ಮಲ್ಲಿ ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಇರುತ್ತದೆ. ಖರೀದಿದಾರರು ಅದನ್ನು ನೋಡಿ, ಒಬ್ಬರಿಗೊಬ್ಬರು ತಿಳಿಯದಂತೆ ತಮ್ಮ ದರ ಹಾಕುತ್ತಾರೆ. ತೆರೆದು ನೋಡಿ ಹೆಚ್ಚಿನದು ಯಾರದೋ ಮಾಲು ಅವರಿಗೆ. ಮನಸ್ಸಿಗೆ ಬಾರದಿದ್ದರೆ ಮಾಲಿನ ಧಣಿ ಒಲ್ಲೆ ಎನ್ನಬಹುದು. ಈಗ ಅದೆಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಆದರೆ ಚೀಟಿಯ ಕಾಲದ ಗುಲಾಬಿ ಚೀಟಿಗಳ ಒಂದು ಕಟ್ಟು ನನ್ನ ಬಳಿ ಉಳಿದಿತ್ತು. ಸೋಮವಾರ ರಾತ್ರಿ ಊಟಕ್ಕೆ ಮೊದಲು ಕೂತು ಅಚ್ಚುಕಟ್ಟಾಗಿ ಬರೆದೆ:

'ಟೆಂಡರ್ ಪ್ರಕಟಣೆ. ಲಾಟ್ ನಂಬರ್ ಒಂದು. ಬಲಗಡೆ ಕೆಳದವಡೆಯ ಕೊನೆಯ ಹಲ್ಲು, ಸ್ಥಿತಿ ಕೊಳೆತದ್ದು, ಭಂಗಿ ಅಡ್ಡ. ಸದರಿ ಹಲ್ಲನ್ನು ಏನು ಮಾಡತಕ್ಕದ್ದೆಂದು ಹಿತೈಷಿಗಳು ತಮ್ಮ ಅಭಿಪ್ರಾಯವನ್ನು ನಿಗದಿತ ಗುಲಾಬಿ ಚೀಟಿಯಲ್ಲಿಯೇ ಬರೆದು ಗುರುವಾರ ಸಂಜೆಯೊಳಗಾಗಿ ಡಬ್ಬಿಯಲ್ಲಿ ಹಾಕತಕ್ಕದ್ದು. ಬೇರೆ ಕಾಗದದ ಮೇಲೆ ಬರೆದ ಚೀಟಿಗಳನ್ನು ತೆರೆಯದೆಯೇ ತಿರಸ್ಕರಿಸಲಾಗುವುದು. ಕಾರಣ ನೀಡದೆ ಎಲ್ಲ ಚೀಟಿಗಳನ್ನು ತಳ್ಳಿಹಾಕುವ ಹಕ್ಕು ಹಲ್ಲಿನ ಧಣಿಗೆ ಇರುತ್ತದೆ.'

ಬಿಸ್ಕಿಟ್ ಡಬ್ಬಿಯ ಮುಚ್ಚಳಕ್ಕೆ ಸೀಳು ಹೊಡೆದು ಪಡಸಾಲೆಯ ಟೇಬಲ್ಲಿನ ಮೇಲೆ ಇಟ್ಟೆ. ಗಿರಿಜಾ ಪ್ರಕಟಣೆಯನ್ನು ಪೂರ್ತಿ ಓದಿದಳು. "ದೇವರಽ ಕಾಪಾಡ್ಬೇಕು," ಎಂದು ಒಳಗೆ ಹೋದಳು. ದೇವರೂ ಗುಲಾಬಿ ಚೀಟಿಯಲ್ಲೇ ಬರೆದು ಹಾಕಬೇಕೆಂದು ನಾನು ಕೂಗಿ ಹೇಳಿದೆ.

ಬುಧವಾರ ಅವಳು ಕುಬುಸದ ಸೀರೆ ತರಲು ರಾಣೇಬೆನ್ನೂರಿಗೆ ಹೋದಳು. ಬೀಗಿತ್ತಿ ಮೇಡ್ಲೇರಿಯಿಂದ ಅಲ್ಲಿಗೆ ಬರುತ್ತಾರೆ, ಇಬ್ಬರೂ ಕೂಡಿ ಆರಿಸುತ್ತಾರೆ ಎಂದು ಮಾತಾಗಿತ್ತು. ಸಂಜೆ ಬಂದಳು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಧೂಳಿರಬೇಕು.

"ಸೀರಿ ಹೆಂಗೈತಿ?"

"ಹೂಂ."

"ಬೀಗಿತ್ತಿ ಏನಂದ್ರು?"

"ಹೂಂ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನನ್ನ ಮಾತಿಗೆ ಎದುರುಮಾತಿಲ್ಲ! ಟೆಂಡರಿನ ಶಿಸ್ತು ಮನೆಯ ಮೇಲೂ ಪರಿಣಾಮ ಮಾಡಿದೆ ಎಂದು ಹಿಗ್ಗಿದೆ. ಆ ಹುರುಪಿನಲ್ಲಿ ನನ್ನ ಹಲ್ಲುನೋವಿನ ವರ್ಣನೆಗೆ ಕೂತೆ. ನೋವು ಹೇಗೆ ಕಿವಿಗೆ ಹೋಗುತ್ತದೆ, ಕಿವಿಯಿಂದ ನೆತ್ತಿಗೆ ಹೇಗೆ ಏರುತ್ತದೆ ಎಂದು ಒಂದು ತಾಸು ವಿವರಿಸಿದೆ. ಗಿರಿಜಾ ಕೆನ್ನೆಗೆ ಕೈ ಹಚ್ಚಿಕೊಂಡು ಪೂರ್ತಿ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಷ್ಟಕ್ಕೆ ಕರಗುವ ಜೀವ ಇದೊಂದೇ ಎಂದು ಕಿವಿಯ ನೋವನ್ನು ಮೊದಲಿನಿಂದ ಮತ್ತೊಮ್ಮೆ ಹೇಳಿದೆ. ಅವಳು ಹಾಲಿನಲ್ಲಿ ಕಿವುಚಿದ ಅನ್ನ ನಾಲ್ಕು ತುತ್ತು ಉಂಡು, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಏನೋ ಬರೆದು, ಮಡಚಿ ಡಬ್ಬಿಯಲ್ಲಿ ಹಾಕಿ ಮಲಗಿದಳು.

ಗುರುವಾರ ಸಂಜೆ ಟೆಂಡರ್ ತೆರೆಯುವ ಸಮಾರಂಭ. ಟೇಬಲ್ಲಿನ ಮುಂದೆ ನಾನು, ಸಾಕ್ಷಿಗೆ ದಾದಾಪೀರ್ ಮತ್ತು ಫಕ್ಕೀರಪ್ಪ. ಗಿರಿಜಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದೊಂದೇ ಚೀಟಿ ತೆಗೆದು ಗಟ್ಟಿಯಾಗಿ ಓದಿದೆ.

ದಾದಾಪೀರನದು: 'ಹಾಳಾದ ಪಾರ್ಟ್ ತಗೀಬೇಕು. ಹೊಸಾದು ಸಿಗಲಿಲ್ಲಂದ್ರ ಹಂಗಽ ಓಡಸ್ಬೇಕು.' ಫಕ್ಕೀರಪ್ಪನದು: 'ದೇವರು ಕೊಟ್ಟದ್ದು, ತಗೀಬ್ಯಾಡ್ರಿ. ತಂಬಾಕ ಕಡಿಮಿ ಇಟ್ಟೀರಿ.' ಸಾವಕಾರರು ಕಳಿಸಿದ್ದು: 'ತೆಗೆಸು ಇಲ್ಲ ಬಿಡು, ಸೋಮವಾರ ಮಾತ್ರ ರಜಾ ಕೇಳಬೇಡ.' ಮಾಸ್ತರರು ಚೀಟಿಯ ಎರಡೂ ಬದಿ ಇರುವೆ ಅಕ್ಷರದಲ್ಲಿ ತುಂಬಿಸಿ, ಹಲ್ಲಿನ ಮಹತ್ವ, ಹಲ್ಲಿಲ್ಲದವರ ಬಾಳು ಎಲ್ಲ ಹೇಳಿ, ಕೊನೆಗೆ 'ಆದ್ದರಿಂದ ತಾವೇ ನಿರ್ಧರಿಸತಕ್ಕದ್ದು' ಎಂದು ಮುಗಿಸಿದ್ದರು.

ತೆಗೆಸು ಒಂದು. ಬಿಡು ಒಂದು. ಉಳಿದೆರಡು ಎತ್ತಲೂ ಇಲ್ಲ. ಸಮ ಸಮ!

"ಇನ್ನೂ ಒಂದೈತಲ್ಲ ಮಲ್ಲೇಶಣ್ಣಾ," ಎಂದ ದಾದಾಪೀರ್, ಡಬ್ಬಿಯ ತಳದಿಂದ ಕ್ಯಾಲೆಂಡರಿನ ಹಾಳೆ ಎತ್ತಿ. "ಅಕ್ಕಾರದು. ಇದನ್ನ ಓದ್ರಿ, ಇದರ ಮ್ಯಾಲೆ ಫೈಸಲಾ ಆಗ್ತೈತಿ."

"ಅದು ಗುಲಾಬಿ ಚೀಟಿ ಅಲ್ಲ. ತಿರಸ್ಕೃತ."

"ಅಣ್ಣಾ, ಮನಿ ಹೆಂಡ್ತಿ ಚೀಟಿ ಅದು!"

"ನಿಯಮ ಅಂದ್ರ ನಿಯಮ. ನಾಳೆ ಯಾರಾರ ಮನಿಯವರಿಗೊಂದು ನ್ಯಾಯ, ಹೊರಗಿನವರಿಗೊಂದು ನ್ಯಾಯ ಅಂದ್ರ?" ಎಂದು ಟೇಬಲ್ ಗುದ್ದಿದೆ. ನಮ್ಮ ಆ ಟೇಬಲ್ಲಿಗೆ ಒಂದು ಕಾಲು ಗಿಡ್ಡ. ಅದು ಗಡಗಡ ಅಲುಗಿ ಸಮಾರಂಭದ ಗಾಂಭೀರ್ಯ ಕೆಟ್ಟಿತು. ಕೈಯಲ್ಲಿದ್ದ ಹಾಳೆಯನ್ನು ಮಡಿಕೆ ಬಿಚ್ಚದೆಯೇ ಆ ಕಾಲಿನ ಕೆಳಗೆ ತುರುಕಿದೆ. ಟೇಬಲ್ ಗಟ್ಟಿಯಾಗಿ ನಿಂತಿತು. ಗಿರಿಜಾ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ನಾನು ಧಣಿಯ ಹಕ್ಕು ಚಲಾಯಿಸಿ ಎಲ್ಲ ಚೀಟಿಗಳನ್ನೂ ತಳ್ಳಿಹಾಕಿ, ಕುಬುಸವಾದ ಮೇಲೆ ಮರುಟೆಂಡರ್ ಎಂದು ಘೋಷಿಸಿದೆ.

ಹಲ್ಲಿಗೆ ಈ ಘೋಷಣೆ ಒಪ್ಪಿಗೆಯಾಗಲಿಲ್ಲ. ಶುಕ್ರವಾರ ಬೆಳಗ್ಗೆ ಎದ್ದಾಗ ಬಲಗೆನ್ನೆ ಗುಂಡು ಬದನೆಕಾಯಿಯಷ್ಟಾಗಿತ್ತು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು.

"ನನ್ನ ಚೀಟಿ ಓದಿದ್ರೇನ್ರಿ?" ಎಂದಳು ಗಿರಿಜಾ.

"ನಿಯಮದ ಪರಕಾರ..."

"ಹಂಗಾರ ಬಿಡ್ರಿ," ಎಂದು ಕುಬುಸಕ್ಕೆ ಒಯ್ಯುವ ಬುತ್ತಿಯ ತಯಾರಿಗೆ ಹತ್ತಿದಳು.

ಐತವಾರ ಬುತ್ತಿಯ ಬುಟ್ಟಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಮೇಡ್ಲೇರಿಗೆ ಹೋದೆವು. ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ಹೆಣ್ಣುಮಕ್ಕಳು. ಬೀಗರು ನಿಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು. ನನ್ನ ಕೆನ್ನೆ ನೋಡಿ ಎಲೆಅಡಿಕೆ ಎಂದುಕೊಂಡರು.

"ಬರ್ರಿ ಬೀಗ್ರ. ಬಾಯಾಗಿನ ಎಲಿ ಉಗುಳಿ ಬರ್ರಿ, ಎಡಿ ತಯಾರೈತಿ."

ಹಲ್ಲುನೋವು ಎಂದರೆ ಊಟ ತಪ್ಪಿಸಲು ನೆಪ ಹೂಡಿದ ಎಂದಾಗುತ್ತದೆ. ಸುಮ್ಮನೆ ಹಿತ್ತಲಿಗೆ ಹೋಗಿ, ಇಲ್ಲದ ಎಲೆಯನ್ನು ಸಪ್ಪಳ ಮಾಡಿ ಉಗುಳಿ ಬಂದೆ.

"ಇನ್ನೂ ಐತಲ್ರೀ!" ಎಂದರು ಬೀಗರು.

ಮತ್ತೆ ಹಿತ್ತಲಿಗೆ ಹೋದೆ. ಮತ್ತೆ ಉಗುಳಿದೆ. ಅಲ್ಲಿ ಕಟ್ಟಿದ್ದ ಎಮ್ಮೆ ನನ್ನನ್ನೇ ನೋಡುತ್ತಿತ್ತು. ಎರಡನೆಯ ಸಲ ಬಂದಾಗ ಬೀಗರು, "ಇರ್ಲಿ ಬಿಡ್ರಿ, ಎಲಿ ಅಂದ್ರ ಜೀವ ಕಾಣ್ತೈತಿ ನಿಮಗ," ಎಂದು ಕೈಹಿಡಿದು ಕೂರಿಸಿದರು.

ಎಡೆ ಬಂತು. ತುಪ್ಪ ಸುರಿದ ಹೋಳಿಗೆ, ಕರಿಗಡಬು, ಎಣ್ಣೆಗಾಯಿ, ಮುರಿದರೆ ಸಪ್ಪಳವಾಗುವ ಕಟಕ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಎದುರಿಗೆ ಹಸಿರು ಸೀರೆಯಲ್ಲಿ ನನ್ನ ಮಗಳು. ಮುಡಿತುಂಬ ಹೂವು, ಕೈತುಂಬ ಬಳೆ, ಕಣ್ಣು ಮಾತ್ರ ನನ್ನ ಎಡೆಯ ಮೇಲೆ. ನಾನು ಎಡಗಡೆಯಿಂದ ಚೂರು ಚೂರು ಹೋಳಿಗೆ ನುಂಗತೊಡಗಿದೆ. ಒಂದು ಹೋಳಿಗೆ ಮುಗಿಯಿತು. ಎರಡನೆಯದು ಬಿತ್ತು. ಕೈ ಅಡ್ಡ ಹಿಡಿಯಲಿಲ್ಲ! ಬೀಗರ ಮುಖ ಅರಳಿತು. ಮಗಳ ಮುಖವೂ ಅರಳಿತು. ಗೆದ್ದೆ ಎಂದುಕೊಂಡೆ.

"ಇನ್ನ ಬೀಗರ ತುತ್ತು!" ಎಂದು ಯಾರೋ ಕೂಗಿದರು. ಬೀಗರಿಗೆ ಬೀಗರು ಕೈಯಾರೆ ತುತ್ತು ಕೊಡುವ ರೂಢಿ. ನಿಂಗಪ್ಪನವರು ವರ್ಷದ ಮುನಿಸು ಮರೆತು, ಸಜ್ಜಿರೊಟ್ಟಿಯ ಚೂರಿಗೆ ಎಣ್ಣೆಗಾಯಿ ಸೇರಿಸಿ, ಪ್ರೀತಿ ಹೆಚ್ಚಾಗಿ ಅದರ ಮೇಲೆ ಕೆಂಪು ಖಾರ ಹಚ್ಚಿ, "ಆ ಮಾಡ್ರಿ ಬೀಗ್ರ," ಎಂದು ನನ್ನ ಬಾಯಿಯ ಬಲಗಡೆಗೆ ತುರುಕಿದರು. ಕಟಕ ರೊಟ್ಟಿ ಬಾತ ವಸಡಿಗೆ ಚುಚ್ಚಿತು. ಖಾರದಲ್ಲಿದ್ದ ಬೀಜ ತನ್ನ ಹಳೆಯ ಮನೆಗೆ ಇಳಿಯಿತು.

"ಅಯ್ಯಯ್ಯಪ್ಪೋ! ಸತ್ತೆ!" ಎಂದು ತುತ್ತನ್ನು ಉಗುಳಿಬಿಟ್ಟೆ. ಅದು ಬೀಗರ ಹೊಸ ಧೋತರದ ಮೇಲೆ ಬಿತ್ತು.

ನಿಂಗಪ್ಪನವರು ಧೋತರ ನೋಡಿಕೊಂಡರು, ನನ್ನನ್ನು ನೋಡಿದರು. "ಆತ್ರೆಪಾ. ಈ ಸಲನೂ ನಮ್ಮ ಊಟ ಸೇರ್ಲಿಲ್ಲ ನಿಮಗ," ಎಂದು ನಿಧಾನಕ್ಕೆ ಎದ್ದರು. ಎದುರಿಗೆ ಮಗಳು ತಲೆ ತಗ್ಗಿಸಿದಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಹಸಿರು ಸೀರೆಯ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ನನ್ನ ಹಲ್ಲಿನ ನೋವು ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಎದೆಯಲ್ಲಿ ಬೇರೆಯದೇ ನೋವು ಹತ್ತಿತು. ಏನಾದರೂ ಹೇಳಬೇಕೆಂದರೆ ಬಾಯಿ ತೆರೆಯುತ್ತಿಲ್ಲ!

ಹೆಂಗಸರ ಸಾಲಿನಿಂದ ಗಿರಿಜಾ ಎದ್ದು ನಿಂತಳು.

"ಅಣ್ಣಾರ, ಕುಂದ್ರಿ. ತಪ್ಪು ನಿಮ್ಮ ಊಟದ್ದಲ್ಲ. ಅದು ಎಲಿನೂ ಅಲ್ಲ. ಇವರ ದವಡಿ ಹಲ್ಲು ಕೊಳತು ಬಾತೈತಿ. ತಗಸ್ಬೇಕೋ ಬ್ಯಾಡೋ ಅಂತ ಹದಿಮೂರು ದಿನದಿಂದ ಟೆಂಡರ್ ಕರದಾರ!"

"ಟೆಂಡರ್ರಾ?" ಎಂದರು ಬೀಗರು.

"ಟೆಂಡರ್ರೀ. ಬಿಸ್ಕಿಟ್ ಡಬ್ಬಿ ಇಟ್ಟು, ಗುಲಾಬಿ ಚೀಟಿ ಹಂಚಿ. ಊಟ ಸೇರದ ಮನಿಶಾ ಆಗಿದ್ರ ಇಂಥಾ ಹಲ್ಲಿಟ್ಕೊಂಡು ಎರಡು ಹೋಳಿಗಿ ಉಣ್ತಿದ್ರೇನು?"

ಮೊದಲು ನಕ್ಕವರು ನಿಂಗಪ್ಪನವರೇ. ನಕ್ಕು ನಕ್ಕು ಮತ್ತೆ ಕೂತರು. ಆಮೇಲೆ ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮಗಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಯಾರೋ ಮುದುಕಿ, "ತಗಸ್ಬೇಕು ಅನ್ನಾವ್ರು ಕೈ ಎತ್ರಿ!" ಎಂದಳು. ಚಪ್ಪರದ ಅಷ್ಟೂ ಹೆಂಗಸರು ಕೈ ಎತ್ತಿದರು. ನನ್ನ ಮಗಳೂ ಎತ್ತಿದಳು.

"ಲೇ, ಬೀಗರಿಗೆ ಗೋದಿ ಹುಗ್ಗಿ ತರ್ರಿ! ಅದಕ್ಕ ಹಲ್ಲು ಬೇಕಾಗಿಲ್ಲ," ಎಂದು ನಿಂಗಪ್ಪನವರು ಚಮಚೆಯಿಂದ ತಾವೇ ಉಣಿಸಿದರು. ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಗೆಲುವು ಎಂದೇ ಬರೆಯುತ್ತಿದ್ದೆ. ಆದರೆ ಬೀಗಿತ್ತಿ ಬಾಯಿ ತೆರೆದರು.

"ಅಲ್ರೀ ಅಣ್ಣಾರ, ಗಿರಿಜಕ್ಕಾರು ಬುಧವಾರ ನನ್ನ ಮುಂದನಽ ಅರ್ಧ ತಾಸಿನ್ಯಾಗ ತಮ್ಮ ದವಡಿ ಹಲ್ಲು ತಗಿಸ್ಕೊಂಡ್ರು. ಹತ್ತಿ ಕಚ್ಕೊಂಡಽ ಸೀರಿ ಅಂಗಡಿಗೆ ಬಂದು, ಬಟ್ಟು ಮಾಡಿ ತೋರಿಸಿ ಸೀರಿ ಆರಿಸಿದ್ರು. ನಿಮಗ ಅವರು ಹೇಳ್ಲಿಲ್ಲೇನು?"

ಬಾಯಲ್ಲಿದ್ದ ಹುಗ್ಗಿ ಅಲ್ಲೇ ನಿಂತಿತು. ಮುಖ ಮುಚ್ಚಿದ ಸೆರಗು. ಹೂಂ. ಹಾಲು ಅನ್ನ. ಕೆನ್ನೆಯ ಮೇಲೆ ಕೈ. ಕಣ್ಣಲ್ಲಿ ನೀರು. ಮೆಣಸಿನಕಾಯಿಯ ತೊಟ್ಟು ನೋಡಿ ಯಾವ ಹೊಲದ್ದೆಂದು ಹೇಳುವ ಪರೀಕ್ಷಕ ನಾನು!

ಗಾಡಿಯಲ್ಲಿ ವಾಪಸು ಬರುವಾಗ ಕೇಳಿದೆ. "ನಿನಗೂ ನೋವಿತ್ತೇನು?"

"ಎರಡು ತಿಂಗಳಾಗಿತ್ತು."

"ಒಂದು ಮಾತು ಹೇಳ್ಬೇಕಿಲ್ಲೋ?"

"ಈ ಮನ್ಯಾಗ ಒಂದಽ ಹಲ್ಲಿಗೆ ಜಾಗಾ ಇತ್ರಿ," ಎಂದಳು. ಖಾಲಿ ಬುಟ್ಟಿಗಳನ್ನು ಸರಿಸಿಟ್ಟು, "ಹೇಳೇನಿ. ಟೇಬಲ್ ಬುಡಕ ಐತಿ," ಎಂದಳು.

ಮನೆ ಸೇರಿದವನೇ ಟೇಬಲ್ ಎತ್ತಿ ಹಾಳೆ ಎಳೆದೆ. ಹೀಗಿತ್ತು:

'ಇವತ್ತ ನಾ ದವಡಿ ಹಲ್ಲು ತಗಿಸಿದೆ. ನಿಮ್ಮ ಹಲ್ಲಿನಂಗಽ ಕೊಳತಿತ್ತು. ಡಾಕ್ಟರು ಮಾತಾಡಬ್ಯಾಡ್ರಿ ಅಂದಾರ, ಅದಕ್ಕ ಬರದೇನಿ. ಅಷ್ಟೇನು ನೋವಾಗಂಗಿಲ್ಲ. ನಿಮಗ ಅಂಜಿಕಿ ಅಂತ ನನಗ ಗೊತ್ತೈತಿ. ಶುಕ್ರವಾರ ಇಬ್ಬರೂ ಹೋಗೂಣು. ನಾ ಬಾಜೂಕ ಕೈ ಹಿಡ್ಕೊಂಡು ಕುಂದರ್ತೇನಿ. ಯಾರಿಗೂ ಹೇಳಂಗಿಲ್ಲ.'

ಎರಡು ಸಲ ಓದಿದೆ. ನಾಚಿಕೆಯಾಯಿತು. ಮೂರು ಊರು, ಮೂವರು ಡಾಕ್ಟರು, ಒಂದು ಎಕ್ಸ್‌ರೇ, ಒಂದು ಪ್ರಕಟಣೆ, ಇಷ್ಟೆಲ್ಲವನ್ನೂ ನಾನು ಒಂದರ ಮೇಲೊಂದು ಪೇರಿಸಿದ್ದು ಯಾವುದನ್ನು ಮುಚ್ಚಲಿಕ್ಕೆ ಎಂದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಬ್ಯಾಡಗಿಯ ಅದೇ ಡಾಕ್ಟರು, ಅದೇ ಕುರ್ಚಿ. "ಮನ್ಯಾಗ ಕೇಳಿ ಬಂದ್ರೇನ್ರಿ?" ಎಂದರು. ಮನೆಯವಳು ಪಕ್ಕದಲ್ಲೇ ನಿಂತಿದ್ದಳು. ಬಾವು ಇಳಿಯಲು ಐದು ದಿನ ಗುಳಿಗೆ ಕೊಟ್ಟು, ಶನಿವಾರ ಕರೆಸಿ, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಹತ್ತು ನಿಮಿಷವಲ್ಲ, ಇಪ್ಪತ್ತು ನಿಮಿಷ ಹಿಡಿಯಿತು. ನೋವು? ಅಷ್ಟೇನೂ ಆಗಲಿಲ್ಲ. ನಾನು ಹಿಡಿದ ಹಿಡಿತಕ್ಕೆ ಗಿರಿಜಾ ಕುಬುಸದ ದಿನ ಇಟ್ಟುಕೊಂಡಿದ್ದ ಹೊಸ ಬಳೆಗಳು ಮಾತ್ರ ಎರಡು ಒಡೆದವು.

ಅವಳು ಮಾತಿಗೆ ತಪ್ಪಲಿಲ್ಲ, ನನ್ನ ಅಂಜಿಕೆಯ ವಿಷಯ ಈವರೆಗೂ ಯಾರಿಗೂ ಹೇಳಿಲ್ಲ. ಹೇಳುತ್ತಿರುವವನು ನಾನೇ. ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ತೆಗೆದ ಮೇಲೆ ಟೇಬಲ್ ಮತ್ತೆ ಅಲುಗತೊಡಗಿತು. ಹುಡುಕಿದಾಗ ನನ್ನ ಟೆಂಡರ್ ಪ್ರಕಟಣೆ ಸಿಕ್ಕಿತು. ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ಇಟ್ಟೆ. ಸರಿಯಾಗಿ ಕೂತಿತು. ಅದರಿಂದ ಆದ ಉಪಯೋಗ ಅದೊಂದೇ.